ಹೊಸ ಜೋಡಿ ನಳಿಗೆ ಕೋವಿ: ಮೊದಲ ಈಡಿಗೆ ಮುಂಚೆ ಒರೆಸಿ ಎಣ್ಣೆ ಹಾಕುವುದು ಹೇಗೆ?

ಎಣ್ಮಕಜೆ ಕೃಷಿಕ

ಎಲ್ಲರಿಗೂ ನಮಸ್ಕಾರ. ಲೈಸೆನ್ಸಿನ ಕೆಲಸ ಎಲ್ಲ ಮುಗಿದು, ಕೋವಿಯ ನಂಬ್ರವೂ ಅದರಲ್ಲಿ ದಾಖಲಾಗಿ, ಅಂತೂ ಕೋವಿ ಮನೆಗೆ ಬಂತು. 12 ಬೋರಿನ ಜೋಡಿ ನಳಿಗೆ. ನಳಿಗೆಗಳು ಅಕ್ಕಪಕ್ಕ, ಕುದುರೆ (ಟ್ರಿಗ್ಗರ್ ಎಳೆದಾಗ ಬಡಿಯುವ ತುಂಡು) ಹೊರಗೆ ಕಾಣದ ಜಾತಿಯದ್ದು. ನಮ್ಮಲ್ಲಿ ಹಂದಿ ಕಾಟ ಹೇಗುಂಟು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮರಗೆಣಸು ಹೋಯಿತು, ಬಾಳೆ ಹೋಯಿತು, ಈಗ ಎರಡು ವರ್ಷದ ತೆಂಗಿನ ಸಸಿಯ ಬುಡವನ್ನೂ ಅಗೆದು ಹಾಕ್ತವೆ. 2022ರಲ್ಲಿ ಕೇರಳ ಸರಕಾರ ಹಂದಿ ಹೊಡೆಯಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರ ಕೈಗೇ ಕೊಟ್ಟಿತು. ಆದರೆ ಆದೇಶ ಸಿಕ್ಕಿದರೂ ಹೊಡೆಯಲಿಕ್ಕೆ ಲೈಸೆನ್ಸ್ ಕೋವಿ ಇರುವವರು ಹತ್ತಿರದಲ್ಲಿ ಬೇಕಲ್ಲ. ಅದಕ್ಕೇ ನಾನು ತೆಗೆದುಕೊಂಡದ್ದು.

ಈಗ ಪ್ರಶ್ನೆ. ಪೆಟ್ಟಿಗೆ ಬಿಚ್ಚಿದರೆ ನಳಿಗೆಯ ಒಳಗೆ ಹೊರಗೆ ಎಲ್ಲ ಕಂದು ಬಣ್ಣದ ಅಂಟಂಟು ಎಣ್ಣೆ. ಅಂಗಡಿಯವರು "ಕಂಪೆನಿಯಿಂದಲೇ ಎಣ್ಣೆ ಹಾಕಿ ಬಂದದ್ದು, ಏನೂ ಮಾಡುವುದು ಬೇಡ" ಅಂತ ಹೇಳಿದ್ದಾರೆ. ನನ್ನ ಚಿಕ್ಕಪ್ಪ "ಒರೆಸದೆ ಒಂದು ಈಡೂ ಹಾಕಬೇಡ" ಅಂತಾರೆ. ಯಾವುದು ಸರಿ? ಒರೆಸುವುದಾದರೆ ಯಾವುದರಲ್ಲಿ? ಆಮೇಲೆ ಯಾವ ಎಣ್ಣೆ? ಅನುಭವ ಇರುವವರು ದಯವಿಟ್ಟು ಹೇಳಿ. ಮಳೆಗಾಲ ಹತ್ತಿರ ಬಂತು.

ಬಾಯಾರು ರೈ

ನಿಮ್ಮ ಚಿಕ್ಕಪ್ಪ ಹೇಳಿದ್ದು ಸರಿ. ಆ ಕಂದು ಅಂಟು ಈಡು ಹಾಕಲಿಕ್ಕೆ ಬೇಕಾದ ಎಣ್ಣೆ ಅಲ್ಲವೇ ಅಲ್ಲ. ಕೋವಿ ಕಾರ್ಖಾನೆಯಿಂದ ಹೊರಟು ಗೋಡೌನಿನಲ್ಲಿ, ಅಂಗಡಿಯಲ್ಲಿ ವರ್ಷಗಟ್ಟಲೆ ಕೂತರೂ ತುಕ್ಕು ಹಿಡಿಯದಿರಲಿ ಅಂತ ಬಳಿದ ದಪ್ಪ ಲೇಪ ಅದು. ಅದರ ಮೇಲೆ ಈಡು ಹಾಕಿದರೆ ಮದ್ದಿನ ಮಸಿ ಅದಕ್ಕೇ ಅಂಟಿ ಕರಿ ಹಿಟ್ಟಿನ ಹಾಗೆ ಕೂತುಬಿಡ್ತದೆ.

ಅದಕ್ಕಿಂತ ದೊಡ್ಡ ಕಾರಣ ತೋಟೆ (ಕಾರ್ಟ್ರಿಡ್ಜ್) ಕೂರುವ ಜಾಗದ್ದು. ತೋಟೆ ಸಿಡಿದಾಗ ಅದರ ಚಿಪ್ಪು ಹಿಗ್ಗಿ ಸುತ್ತಲಿನ ಗೋಡೆಗೆ ಕಚ್ಚಿಕೊಳ್ತದೆ. ಹಿಂದಕ್ಕೆ ಒದೆಯುವ ಬಲದಲ್ಲಿ ಒಂದು ಪಾಲನ್ನು ಆ ಹಿಡಿತವೇ ತಡೆಯುವುದು. ಅಲ್ಲಿ ಎಣ್ಣೆ ನಿಂತಿದ್ದರೆ ಚಿಪ್ಪು ಜಾರ್ತದೆ, ಪೂರ್ತಿ ಹೊಡೆತ ಕೋವಿಯ ಹಿಂದಿನ ಮುಖಕ್ಕೆ ಮತ್ತು ನಳಿಗೆ ಬಗ್ಗುವ ಕೊಂಡಿಗೆ ಬೀಳ್ತದೆ. ಹಾಗಾಗಿ ತೋಟೆ ಕೂರುವ ಜಾಗ ಈಡಿನ ಹೊತ್ತಿಗೆ ಒಣಗಿಯೇ ಇರಬೇಕು.

ಕೆಲಸ ಶುರು ಮಾಡುವ ಮುಂಚೆ ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಕೋವಿ ತೆರೆದು ಎರಡೂ ನಳಿಗೆ ಖಾಲಿ ಅಂತ ಕಣ್ಣಿನಲ್ಲಿ ನೋಡಿ, ಬೆರಳು ಹಾಕಿಯೂ ನೋಡಿ. ಹೊಸತು, ಪೆಟ್ಟಿಗೆಯಿಂದ ಈಗಷ್ಟೇ ತೆಗೆದದ್ದು ಅಂತ ಇದನ್ನು ಬಿಡುವುದು ಬೇಡ. ಇವತ್ತು ಬಿಟ್ಟರೆ ನಾಳೆಯೂ ಬಿಟ್ಟುಹೋಗ್ತದೆ. ಮಕ್ಕಳು ಹತ್ತಿರ ಬೇಡ. ಒಲೆ, ದೀಪ ಇರುವ ಕೋಣೆಯೂ ಬೇಡ.

ಆಮೇಲೆ ಮುಂದಿನ ಮರ ಕಳಚಿ, ಮೇಲಿನ ಕೀಲಿ ಸರಿಸಿ ನಳಿಗೆಯನ್ನು ಎತ್ತಿ ಬೇರೆ ಮಾಡಿ. ಮೂರು ತುಂಡಾಯಿತು. ಇಲ್ಲಿಗೆ ನಿಲ್ಲಿಸಿ. ಒಳಗಿನ ಯಂತ್ರದ ಸ್ಕ್ರೂಗಳಿಗೆ ಕೈ ಹಾಕಬೇಡಿ, ಅದು ಲೈಸೆನ್ಸ್ ಇರುವ ಕೋವಿ ರಿಪೇರಿಯವನ ಕೆಲಸ. ಮತ್ತೆ ಒಂದು ವಿಷಯ: ನಳಿಗೆ ಬೇರೆ ಮಾಡಿದ ಮೇಲೆ ಟ್ರಿಗ್ಗರ್ ಎಳೆಯಬೇಡಿ. ಈ ಜಾತಿಯ ಕೋವಿಯಲ್ಲಿ ಕುದುರೆ ಏರುವುದು ನಳಿಗೆ ಬಗ್ಗಿಸಿದಾಗ. ಬೇರೆ ಇರುವಾಗ ಕುದುರೆ ಬಿದ್ದರೆ ನಳಿಗೆ ವಾಪಸು ಕೂರಿಸಲು ತುಂಬ ಕಷ್ಟ, ಒತ್ತಿ ಕೂರಿಸಲು ಹೋದರೆ ಕೊಂಡಿಗೆ ಪೆಟ್ಟು.

ಒರೆಸುವ ಕಡ್ಡಿ ಮರದ್ದೋ ಹಿತ್ತಾಳೆಯದ್ದೋ ಆಗಬಹುದು. ಕಬ್ಬಿಣದ ಸರಳು ಬೇಡ. ಹಳೆಯ ಹತ್ತಿ ಪಂಚೆಯ ತುಂಡು, ನಳಿಗೆಯಲ್ಲಿ ಬಿಗಿಯಾಗಿ ಹೋಗುವಷ್ಟು ದೊಡ್ಡದು ಸಾಕು. 12 ಬೋರಿನ ಒಳ ಅಗಲ ಹೆಚ್ಚುಕಮ್ಮಿ 18.5 ಮಿಲಿಮೀಟರ್, ಅಷ್ಟಕ್ಕೆ ತಕ್ಕ ಹಾಗೆ ಹರಿದುಕೊಳ್ಳಿ. ತೋಟೆ ಹಾಕುವ ಕಡೆಯಿಂದ ಬಾಯಿಯ ಕಡೆಗೆ ತಳ್ಳಿ. ಕೊಳೆ ಯಂತ್ರದ ಕಡೆಗೆ ಬರುವುದರ ಬದಲು ಹೊರಗೆ ಹೋಗಬೇಕು. ಮೊದಲು ಒಣಬಟ್ಟೆ, ಅದರಲ್ಲೇ ಮುಕ್ಕಾಲು ಪಾಲು ಅಂಟು ಬರ್ತದೆ. ಆಮೇಲೆ ಚಿಮಿಣಿ ಎಣ್ಣೆಯಲ್ಲಿ ಅದ್ದಿ ಹಿಂಡಿದ ಬಟ್ಟೆ. ಮತ್ತೆ ಒಣಬಟ್ಟೆ, ಬಿಳಿಯಾಗಿ ಹೊರಗೆ ಬರುವ ತನಕ. ಕೊನೆಗೆ ಎಣ್ಣೆ ಸವರಿದ ಒಂದು ಬಟ್ಟೆ.

ಮುಳ್ಳೇರಿಯ ಭಟ್

ರೈಗಳು ಹೇಳಿದ್ದು ಪೂರ್ತಿ ಒಪ್ಪಿದೆ. ಎಣ್ಣೆಯ ಬಗ್ಗೆ ಒಂದು ಮಾತು. ನಮ್ಮ ಅಜ್ಜನ ಕಾಲದಿಂದಲೂ ಕೋವಿಗೆ ಮನೆಯ ತೆಂಗಿನೆಣ್ಣೆಯೇ. ಅಜ್ಜನ ಕೋವಿ ಈಗಲೂ ಉಂಟು, ನಳಿಗೆ ಹಾಳಾಗಿಲ್ಲ. ಪೇಟೆಯಿಂದ ಸಣ್ಣ ಬಾಟ್ಲಿಗೆ ದೊಡ್ಡ ದುಡ್ಡು ಕೊಟ್ಟು ತರುವ ಅಗತ್ಯ ಉಂಟಾ?

ಬದಿಯಡ್ಕ ವರ್ಕ್‌ಶಾಪ್

ಭಟ್ರೇ, ಅಜ್ಜನವರು ಆ ಕೋವಿಯನ್ನು ವಾರಕ್ಕೊಮ್ಮೆ ಆದರೂ ಕೈಗೆ ತೆಗೆದುಕೊಂಡು ಒರೆಸ್ತಿದ್ದಿರಬೇಕು, ಅದನ್ನು ಉಳಿಸಿದ್ದು ಆ ಆರೈಕೆ. ತೆಂಗಿನೆಣ್ಣೆ ಗಾಳಿಗೆ ಇಟ್ಟರೆ ಕನರು ಹಿಡಿಯುವುದು ನಿಮಗೆ ಗೊತ್ತೇ ಉಂಟು. ಕನರಿದ ಎಣ್ಣೆಯಲ್ಲಿ ಆಮ್ಲ ಹುಟ್ತದೆ, ಅದು ಉಕ್ಕಿಗೆ ಒಳ್ಳೆಯದಲ್ಲ. ಇನ್ನೊಂದು, ಅದು 24 ಡಿಗ್ರಿ ಹತ್ತಿರ ಬಂದರೆ ಗಟ್ಟಿಯಾಗ್ತದೆ. ಧನು ತಿಂಗಳ ಬೆಳಗ್ಗೆ ಬಾಟ್ಲಿಯಲ್ಲಿ ಬಿಳಿ ಹೆಪ್ಪುಗಟ್ಟಿರುವುದಿಲ್ಲವಾ? ಹಂದಿ ಬರುವುದೂ ಅದೇ ಹೊತ್ತಿಗೆ. ಯಂತ್ರದೊಳಗೆ ಅದೇ ಎಣ್ಣೆ ಹೆಪ್ಪುಗಟ್ಟಿದರೆ ತೋಟೆಯ ಹಿಂಭಾಗಕ್ಕೆ ಬಡಿದು ಸಿಡಿಸುವ ಗುದ್ದುಕಡ್ಡಿ ನಿಧಾನ ಆಗ್ತದೆ.

ನಾನು ಹೇಳುವುದು ಹೊಲಿಗೆ ಮಿಷನಿನ ಎಣ್ಣೆ. ತೆಳು ಖನಿಜ ತೈಲ, ಕನರುವುದಿಲ್ಲ, ಎಲ್ಲ ಪೇಟೆಯಲ್ಲೂ ಸಿಕ್ತದೆ, ದುಬಾರಿಯೂ ಅಲ್ಲ. ಕೋವಿಗೆಂದೇ ಬರುವ ಎಣ್ಣೆ ಸಿಕ್ಕಿದರೆ ಇನ್ನೂ ಒಳ್ಳೆಯದು, ಅದರಲ್ಲಿ ತುಕ್ಕು ತಡೆಯುವ ಅಂಶ ಸೇರಿಸಿರ್ತಾರೆ. ಬೈಕಿನಿಂದ ಇಳಿಸಿದ ಹಳೆ ಎಂಜಿನ್ ಎಣ್ಣೆಯನ್ನು ಮಾತ್ರ ಯಾರೂ ಹಾಕಬೇಡಿ. ಅದರಲ್ಲಿ ಲೋಹದ ಪುಡಿ, ಆಮ್ಲ ಎರಡೂ ಇರ್ತದೆ.

ಕುಂಬಳೆ ಹುಡುಗ

ಅಣ್ಣ, ಡಬ್ಲ್ಯೂಡಿ-40 ಆಗುವುದಿಲ್ಲವಾ? ಎಲ್ಲ ವಿಡಿಯೋದಲ್ಲೂ ಅದನ್ನೇ ಬಿಡ್ತಾರೆ. ಚಿಮಿಣಿ ಎಣ್ಣೆ ಈಗ ರೇಶನ್ ಅಂಗಡಿಯಲ್ಲಿ ಸಿಗುವುದೂ ಕಷ್ಟ. ಪೆಟ್ರೋಲ್ ಹಾಕಬಹುದಾ?

ಬದಿಯಡ್ಕ ವರ್ಕ್‌ಶಾಪ್

ಪೆಟ್ರೋಲ್ ಬೇಡವೇ ಬೇಡ. ಅದರ ಹಬೆ ನೆಲ ಹಿಡಿದು ಹರಿದು ಅಡುಗೆ ಕೋಣೆಯ ತನಕ ಹೋಗ್ತದೆ, ಒಂದು ಕಿಡಿ ಸಾಕು.

ಡಬ್ಲ್ಯೂಡಿ-40 ಇರುವುದೇ ನೀರು ಓಡಿಸಲಿಕ್ಕೆ. ಹೊಸ ಕೋವಿಯ ಅಂಟು ಬಿಡಿಸಲು ಚಿಮಿಣಿ ಎಣ್ಣೆಯ ಬದಲು ಅದನ್ನು ಬಟ್ಟೆಗೆ ಹಾಕಿ ಒರೆಸಿದರೆ ಕೆಲಸ ಆಗ್ತದೆ. ಮಳೆಯಲ್ಲಿ ಕೋವಿ ನೆನೆದರೂ ಮೊದಲ ಹೊತ್ತಿಗೆ ಒಳ್ಳೆಯದು. ಅದೇ ಕೊನೆಯ ಎಣ್ಣೆ ಅಂತ ಬಿಟ್ಟುಬಿಟ್ಟರೆ ಮಾತ್ರ ಸಾಲದು. ಬೇಗ ಆರಿಹೋಗಿ ತೆಳು ಪೊರೆ ಮಾತ್ರ ಉಳಿಯುವುದು, ನಮ್ಮ ಕರ್ಕಾಟಕ ಮಾಸದ ತೇವಕ್ಕೆ ಅದು ತಡೆಯುವುದಿಲ್ಲ. ಟ್ರಿಗ್ಗರಿನ ಸಂದಿಗೆ ಸ್ಪ್ರೇ ಮಾಡಲೂ ಬೇಡ. ಒಳಗಿನ ಕೊಳೆ ತೊಳೆದುಕೊಂಡು ಮೂಲೆಗೆ ಹೋಗಿ ಕೂತರೆ ಹೊರಗಿನಿಂದ ಕಾಣುವುದೂ ಇಲ್ಲ, ತೆಗೆಯಲೂ ಆಗುವುದಿಲ್ಲ.

ಎಣ್ಮಕಜೆ ಕೃಷಿಕ

ಎಲ್ಲರಿಗೂ ತುಂಬ ಉಪಕಾರ. ಇವತ್ತು ಮಧ್ಯಾಹ್ನ ಜಗಲಿಯಲ್ಲಿ ಚಾಪೆ ಹಾಸಿ ಕೂತು ಮಾಡಿದೆ. ಚಿಕ್ಕಪ್ಪನೂ ಜತೆಗಿದ್ದರು.

ಮೊದಲ ಬಟ್ಟೆ ಹೊರಗೆ ಬಂದಾಗ ಜೋನಿ ಬೆಲ್ಲದಲ್ಲಿ ಅದ್ದಿ ತೆಗೆದ ಹಾಗಿತ್ತು, ಅಷ್ಟು ದಪ್ಪ. ಎರಡನೆಯದ್ದು ಹಳದಿ, ಅದರಲ್ಲಿ ಸಣ್ಣ ಸಣ್ಣ ಮಿನುಗುವ ಪುಡಿ. ಬೆರಳಲ್ಲಿ ಉಜ್ಜಿ ನೋಡಿದೆ, ಲೋಹದ್ದೇ. ಚಿಮಿಣಿ ಎಣ್ಣೆ ಹಾಕಿದ ಮೇಲೆ ಅದೆಲ್ಲ ಬಂತು. ಎಲ್ಲ ಆಯಿತು ಅಂತ ನಾನು ಎದ್ದರೆ ಚಿಕ್ಕಪ್ಪ ತೋಟೆ ಹೊರಗೆ ತಳ್ಳುವ ಆ ಅರ್ಧಚಂದ್ರದ ತುಂಡನ್ನು ಹೊರಗೆಳೆದು ಅದರ ಹಿಂದಿನ ಗುಳಿ ತೋರಿಸಿದರು. ಅಲ್ಲಿ ಅಂಟು ಪೂರ್ತಿ ತುಂಬಿಕೊಂಡಿತ್ತು. ಹೊರಗಿನಿಂದ ಒಂದು ಚೂರೂ ಕಾಣುವುದಿಲ್ಲ. ತೆಂಗಿನ ಗರಿಯ ಕಡ್ಡಿಗೆ ಬಟ್ಟೆ ಸುತ್ತಿ ತೆಗೆದೆವು.

ಆ ಮಿನುಗುವ ಪುಡಿ ಎಂತದ್ದು? ಹೆದರಬೇಕಾ?

ಬಾಯಾರು ರೈ

ಹೆದರಬೇಡಿ. ನಳಿಗೆ ಕೊರೆದು ಉಜ್ಜಿ ನಯ ಮಾಡುವಾಗ ಉಳಿದ ಪುಡಿ ಇರಬೇಕು, ಅಂಟಿನಲ್ಲಿ ಸಿಕ್ಕಿಕೊಂಡಿರ್ತದೆ. ಮೊದಲ ಈಡಿಗೆ ಮುಂಚೆ ಒರೆಸಿ ಅನ್ನುವುದಕ್ಕೆ ಅದೂ ಒಂದು ಕಾರಣ. ಆಮೇಲೆ ಒರೆಸಿದಾಗಲೂ ಅದೇ ಹಾಗೆ ಬರ್ತಿದ್ದರೆ ಮಾತ್ರ ತೋರಿಸಬೇಕು.

ಆ ಅರ್ಧಚಂದ್ರದ ಹಿಂದೆ ನೋಡಿದ್ದು ಬಹಳ ಒಳ್ಳೆಯದಾಯಿತು. ಚಿಕ್ಕಪ್ಪನವರಿಗೆ ನಮಸ್ಕಾರ ಹೇಳಿ. ಅಲ್ಲಿ ಕೊಳೆ ತುಂಬಿದರೆ ಅದು ಪೂರ್ತಿ ಒಳಗೆ ಕೂರುವುದಿಲ್ಲ, ಕೋವಿ ಮುಚ್ಚುವಾಗ ಬಿಗಿ ಆಗ್ತದೆ. ಜನ ಕೀಲಿಯನ್ನು ಒತ್ತಿ ಒತ್ತಿ ಮುಚ್ಚಿ ಅದನ್ನೂ ಸವೆಸ್ತಾರೆ.

ಇನ್ನು ನಳಿಗೆ ಬಗ್ಗುವ ಕೊಂಡಿಗೆ ಸ್ವಲ್ಪ ಗ್ರೀಸ್ ಸವರಿ. ಅಲ್ಲಿ ಲೋಹಕ್ಕೆ ಲೋಹ ಉಜ್ಜುವುದರಿಂದ ತೆಳು ಎಣ್ಣೆ ನಿಲ್ಲುವುದಿಲ್ಲ. ಅಕ್ಕಿಕಾಳಿನಷ್ಟು ಸಾಕು. ಹೊಸ ಕೋವಿ ತೆರೆದು ಮುಚ್ಚುವಾಗ ಬಿಗಿ ಇರುವುದು ಸಹಜ, ಉಪಯೋಗಿಸುತ್ತಾ ಹದಕ್ಕೆ ಬರ್ತದೆ. ಅದನ್ನು ಸಡಿಲ ಮಾಡ್ತೇನೆ ಅಂತ ಅರ ಹಿಡಿಯಬೇಡಿ.

ದೇಲಂಪಾಡಿ ಕಾಡಂಚು

ಇಲ್ಲಿ ಎಲ್ಲರೂ ತೋಟೆ ಕೋವಿಯ ಬಗ್ಗೆ ಬರೆದಿದ್ದೀರಿ. ಬಾಯಿಯಿಂದ ಮದ್ದು ತುಂಬುವ ಕೇಪಿನ (ಮದ್ದಿಗೆ ಕಿಡಿ ಕೊಡುವ ಸಣ್ಣ ಟೊಪ್ಪಿಯ) ಕೋವಿ ಇನ್ನೂ ಇರುವ ಮನೆಗಳಿಗಾಗಿ ಬರೀತೇನೆ, ಯಾಕೆಂದರೆ ಅದರ ರೀತಿ ಬೇರೆ.

ಕರಿ ಮದ್ದು ಸುಟ್ಟ ಮೇಲೆ ಉಳಿಯುವ ಬೂದಿಯಲ್ಲಿ ಉಪ್ಪಿನಂಶ ಉಂಟು. ಅದು ಗಾಳಿಯ ತೇವ ಹೀರಿಕೊಳ್ತದೆ. ನಮ್ಮ ಊರಿನ ಮಳೆಗಾಲದಲ್ಲಿ ಸಂಜೆ ಈಡು ಹಾಕಿ ಹಾಗೇ ಇಟ್ಟರೆ ಬೆಳಗ್ಗೆ ಕೆಂಪು ತುಕ್ಕು ಕಾಣ್ತದೆ. ಆ ಉಪ್ಪಿಗೆ ಎಣ್ಣೆ ಹಾಕಿದರೆ ಏನೂ ಆಗುವುದಿಲ್ಲ, ಉಪ್ಪು ಕರಗುವುದು ನೀರಿನಲ್ಲಿ. ಹಾಗಾಗಿ ಖಾಲಿ ಅಂತ ಖಚಿತ ಮಾಡಿಕೊಂಡು ಕುದಿಯುವ ನೀರು ಹೊಯ್ದು ತೊಳೀಬೇಕು. ಬಿಸಿಗೆ ನಳಿಗೆಯೇ ಕಾದು ಒಳಗಿನ ಪಸೆ ತಾನಾಗಿ ಆರ್ತದೆ. ಆ ಬಿಸಿ ಇರುವಾಗಲೇ ಒಣಬಟ್ಟೆ, ಎಣ್ಣೆ ಬಟ್ಟೆ. ಮುಂದಿನ ಸಲ ಮದ್ದು ತುಂಬುವ ಮುಂಚೆ ಆ ಎಣ್ಣೆಯನ್ನೂ ಪೂರ್ತಿ ಒರೆಸಿ ತೆಗೀಬೇಕು, ಕೇಪು ಕೂರುವ ತೂತನ್ನೂ ನೋಡಬೇಕು. ಎಣ್ಣೆ ತಾಗಿದ ಮದ್ದು ಹತ್ತುವುದಿಲ್ಲ. ಹತ್ತದ ಮದ್ದು ನಳಿಗೆಯೊಳಗೆ ಇರುವ ಕೋವಿ ಮನೆಯಲ್ಲಿ ಇರಬಾರದು.

ತೋಟೆಯ ಮದ್ದು ಹಾಗಲ್ಲ, ಅದಕ್ಕೆ ನೀರು ಬೇಕಾಗಿಲ್ಲ.

ಉಪ್ಪಳ ಕಡಲಬದಿ

ನಮ್ಮಲ್ಲಿ ಸಮುದ್ರ ಅರ್ಧ ಕಿಲೋಮೀಟರು. ಕಿಟಕಿಯ ಸರಳು ಎರಡು ವರ್ಷದಲ್ಲಿ ತುಕ್ಕು ಹಿಡಿದು ಹುಡಿಯಾಗಿ ಉದುರುವ ಊರು. ಇಲ್ಲಿ ಕೋವಿ ಇಟ್ಟುಕೊಂಡವರಿಗೆ ನಾನು ಹೇಳುವುದು ಒಂದೇ: ರೆಕ್ಸಿನಿನ ಚೀಲದಲ್ಲಿ, ಚರ್ಮದ ಹೊದಿಕೆಯಲ್ಲಿ ಇಡಬೇಡಿ. ಅದು ಬೆಟ್ಟಕ್ಕೆ ಹೋಗುವಾಗ ಹೆಗಲಿಗೆ ಹಾಕಲಿಕ್ಕೆ ಮಾತ್ರ. ಒಳಗಿನ ಮೆತ್ತೆ ತೇವ ಹಿಡಿದುಕೊಂಡು ನಳಿಗೆಗೆ ಒತ್ತಿ ಇಡ್ತದೆ. ಉಕ್ಕಿನ ಕಪಾಟಿನಲ್ಲಿ ಬೀಗ ಹಾಕಿ ಇಡಿ, ತೋಟೆಗೆ ಬೇರೆ ಬೀಗ. ಕಪಾಟಿನೊಳಗೆ ಸಿಲಿಕಾ ಜೆಲ್ ಚೀಲ ಹಾಕಿ, ಅದು ತೇವ ಹೀರಿ ತುಂಬಿದ ಮೇಲೆ ಬಿಸಿ ಮಾಡಿ ಒಣಗಿಸಿ ಪುನಃ ಹಾಕಬಹುದು.

ಕೈಯ ಬೆವರೂ ಉಪ್ಪೇ. ಯಾರಿಗಾದರೂ ತೋರಿಸಿ ವಾಪಸು ಇಡುವಾಗ ಲೋಹದ ಮೇಲೆ ಎಣ್ಣೆ ಬಟ್ಟೆ ಒಮ್ಮೆ ಎಳೆದುಬಿಡಿ. ಇಲ್ಲದಿದ್ದರೆ ಬೆರಳಿನ ಗುರುತಿನ ಆಕಾರದಲ್ಲೇ ತುಕ್ಕು ಏಳ್ತದೆ, ಗೆರೆ ಗೆರೆಯಾಗಿ. ಹಾಗೆ ಎದ್ದದ್ದನ್ನು ನಾನೇ ನೋಡಿದ್ದುಂಟು.

ಕಾರಡ್ಕದ ಅಕ್ಕ

ನಮ್ಮ ಮನೆಯಲ್ಲಿ ಕೋವಿ ಒರೆಸುವುದು ನಾನೇ, ಯಜಮಾನರಿಗೆ ಕಣ್ಣು ಅಷ್ಟಕ್ಕಷ್ಟೆ. ಎರಡು ವಿಷಯ ಯಾರೂ ಬರೆದದ್ದು ಕಾಣಲಿಲ್ಲ.

ನಳಿಗೆಯ ಮೇಲಿನ ಆ ಕಪ್ಪು ನೀಲಿ ಬಣ್ಣ ಪೈಂಟ್ ಅಲ್ಲ. ಉಕ್ಕಿನ ಮೇಲೆ ಬೇಕೆಂದೇ ಏರಿಸಿದ ತೆಳು ಪದರ, ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದು ಅದೇ. ದೀಪ, ಕಂಚು ತಿಕ್ಕುವ ಹುಳಿ, ಲಿಂಬೆ, ಉಕ್ಕಿನ ನಾರು ಯಾವುದೂ ಅದಕ್ಕೆ ತಾಗಬಾರದು. ಹುಳಿ ತಾಗಿದ ಕಡೆ ಬಣ್ಣ ಹೋಗಿ ಬಿಳಿ ಉಕ್ಕು ಕಾಣ್ತದೆ, ಅಲ್ಲಿಂದಲೇ ತುಕ್ಕು ಶುರು.

ಇನ್ನೊಂದು ಆಯುಧ ಪೂಜೆ. ಕೋವಿಗೆ ಗಂಧ, ಕುಂಕುಮ, ಹೂ ಎಲ್ಲ ಇಡ್ತೇವೆ, ಇಡಲೇಬೇಕು. ಆದರೆ ಒದ್ದೆ ಗಂಧವೂ ಹೂವೂ ರಾತ್ರಿ ಇಡೀ ಲೋಹದ ಮೇಲೆ ಕೂತರೆ ಬೆಳಗ್ಗೆ ಕಲೆ ಖಂಡಿತ. ನಾನು ಮರದ ಹಿಡಿಯ ಮೇಲೆ ಗಂಧದ ಬೊಟ್ಟು ಇಡುವುದು, ಹೂವನ್ನು ಬಾಳೆ ಎಲೆಯಲ್ಲಿ ಪಕ್ಕಕ್ಕೆ ಇಡುವುದು. ಪೂಜೆ ಮುಗಿದ ಸಂಜೆಯೇ ಒರೆಸಿ ಎಣ್ಣೆ ಹಚ್ಚಿ ಇಡ್ತೇನೆ.

ಬಾಯಾರು ರೈ

ಅಕ್ಕ ಹೇಳಿದ್ದು ಅಪ್ಪಟ ಸತ್ಯ.

ಚುನಾವಣೆಯ ವಿಷಯವನ್ನೂ ಇಲ್ಲೇ ಸೇರಿಸ್ತೇನೆ. ಚುನಾವಣೆ ಘೋಷಣೆ ಆದರೆ ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಡಲು ಹೇಳ್ತಾರೆ. 2024ರ ಲೋಕಸಭೆ ಚುನಾವಣೆ ಘೋಷಣೆ ಆದದ್ದು ಮಾರ್ಚ್ 16ಕ್ಕೆ, ಎಣಿಕೆ ಜೂನ್ 4ಕ್ಕೆ. ನಮ್ಮಲ್ಲಿ ಏಪ್ರಿಲ್ 26ಕ್ಕೇ ಮತದಾನ ಮುಗಿದಿತ್ತು, ಆದರೂ ಎಣಿಕೆಯ ತನಕ ಕೋವಿ ಒಳಗೇ. ಅದು ಕೈಗೆ ಬರುವ ಹೊತ್ತಿಗೆ ಮಳೆ ಹಿಡಿದಾಗಿತ್ತು. ಅಷ್ಟು ದಿನ ಯಾರೂ ಒರೆಸುವುದಿಲ್ಲ. ಕೊಡುವ ದಿನ ಎಣ್ಣೆ ಯಾವಾಗಿನದ್ದಕ್ಕಿಂತ ಸ್ವಲ್ಪ ದಪ್ಪಗೆ ಹಚ್ಚಿ, ನಂಬ್ರ ಇರುವ ರಶೀದಿ ಕೇಳಿ ತೆಗೆದುಕೊಳ್ಳಿ. ತಂದ ದಿನ ಇಲ್ಲಿ ಹೇಳಿದ ಅಷ್ಟೂ ಕೆಲಸ ಮತ್ತೆ ಮೊದಲಿನಿಂದ ಮಾಡಿ. ಬಾಯಿಯಲ್ಲಿ ಬಟ್ಟೆ ತುರುಕಿ ಮಾತ್ರ ಕೊಡಬೇಡಿ, ಮರೆತುಹೋದರೆ ಅನಾಹುತ.

ಮುಳ್ಳೇರಿಯ ಭಟ್

ಬಾಯಿಯ ವಿಷಯ ಬಂದದ್ದರಿಂದ ನೆನಪಾಯಿತು. ಕುಂಬಾರ ಹುಳ! ಗೋಡೆಯ ತೂತು, ಪೈಪು, ಸ್ವಿಚ್ ಬೋರ್ಡಿನ ಸಂದು ಯಾವುದನ್ನೂ ಬಿಡದೆ ಮಣ್ಣು ತಂದು ಗೂಡು ಕಟ್ಟುವ ಹುಳ ನಮ್ಮಲ್ಲಿ ಮನೆಮನೆಗೆ ಉಂಟು. ತೆರೆದ ಗೋಡೆಗೆ ತೂಗುಹಾಕಿದ ಕೋವಿಯ ನಳಿಗೆ ಅದಕ್ಕೆ ತಕ್ಕ ಜಾಗ. ಮಣ್ಣಿನ ಗೂಡು ಅಡ್ಡ ಇದ್ದು ಈಡು ಹಾಕಿದರೆ ನಳಿಗೆ ಸಿಡಿಯುವುದೇ. ತೋಟಕ್ಕೆ ಹೊರಡುವ ಪ್ರತಿ ಸಲವೂ ತೋಟೆ ಹಾಕುವ ಮುಂಚೆ ನಳಿಗೆಯಲ್ಲಿ ಆಚೆ ಬೆಳಕು ನೋಡಿ.

ತೆಂಗಿನೆಣ್ಣೆಯ ಬಗ್ಗೆ ವರ್ಕ್‌ಶಾಪಿನವರು ಹೇಳಿದ್ದು ಮನಸ್ಸಿಗೆ ಬಂತು. ಗುದ್ದುಕಡ್ಡಿಯ ಮಾತು ನ್ಯಾಯವೇ. ನಾಳೆ ಬದಿಯಡ್ಕಕ್ಕೆ ಬರುವಾಗ ಹೊಲಿಗೆ ಎಣ್ಣೆ ತರುವುದು. ಮರದ ಹಿಡಿಗೆ ಎಂತ ಹಾಕುವುದು ಹೇಳಿ.

ಬದಿಯಡ್ಕ ವರ್ಕ್‌ಶಾಪ್

ಸಂತೋಷ ಭಟ್ರೇ. ಮರಕ್ಕೆ ಅಗಸೆ ಎಣ್ಣೆ. ವಾರ್ನಿಶ್ ಇಲ್ಲದೆ ಬರೀ ಎಣ್ಣೆ ಕುಡಿಸಿದ ಮರವಾದರೆ ಅಂಗೈಯಲ್ಲಿ ನಾಲ್ಕು ಹನಿ ಹಾಕಿ ಬಿಸಿ ಬರುವ ತನಕ ಉಜ್ಜಿ, ಮಿಕ್ಕದ್ದು ಒರೆಸಿ. ವಾರ್ನಿಶ್ ಇದ್ದರೆ ಒಣಬಟ್ಟೆ ಸಾಕು. ನಳಿಗೆಗೆ ಹಾಕುವ ಎಣ್ಣೆ ಮರಕ್ಕೆ ತಾಗದ ಹಾಗೆ ನೋಡಿಕೊಳ್ಳಿ. ಯಂತ್ರ ಕೂತಿರುವ ಕಡೆ ಖನಿಜ ತೈಲ ಕುಡಿದ ಮರ ಮೆತ್ತಗಾಗ್ತದೆ, ಕೆಲವು ವರ್ಷದಲ್ಲಿ ಒದೆತಕ್ಕೆ ಅಲ್ಲೇ ಬಿರುಕು ಬಿಡುವುದು. ಎಣ್ಣೆ ಹಚ್ಚಿದ ಹೊಸದರಲ್ಲಿ ಒಂದೆರಡು ದಿನ ನಳಿಗೆಯ ಬಾಯಿ ಕೆಳಗೆ ಮಾಡಿ, ಅಡಿಗೆ ಬಟ್ಟೆ ಹಾಕಿ ನಿಲ್ಲಿಸಿ. ಇಳಿದ ಎಣ್ಣೆ ಬಾಯಿಯ ಕಡೆಗೆ ಹೋಗ್ತದೆ, ಮರದ ಕಡೆಗೆ ಬರುವುದಿಲ್ಲ.

ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಆರುವಾಗ ಬಿಸಿ ಹುಟ್ತದೆ, ಮುದ್ದೆಯೊಳಗೆ ಬಿಸಿ ಕೂಡಿ ಯಾರೂ ಕಿಡಿ ತೋರಿಸದೆ ತಾನಾಗಿ ಹೊತ್ತಿಕೊಳ್ಳಬಹುದು. ಅಂಗಳದಲ್ಲಿ ಬಿಡಿಸಿ ಹರವಿ ಒಣಗಲು ಬಿಡಿ.

ಎಣ್ಮಕಜೆ ಕೃಷಿಕ

ಕೊನೆಯದಾಗಿ ಒಂದು ಸಂಶಯ. ಒರೆಸಿದ ಮೇಲೆ ನಳಿಗೆಯನ್ನು ಆಕಾಶಕ್ಕೆ ಹಿಡಿದು ನೋಡಿದೆ. ಕನ್ನಡಿಯ ಹಾಗೆ ಉಂಟು, ಬೆಳಕು ಬಳೆ ಬಳೆಯಾಗಿ ಕಾಣ್ತದೆ. ಎಡ ನಳಿಗೆಯ ಬಾಯಿಯ ಹತ್ತಿರ ಮಾತ್ರ ಒಂದು ಕಪ್ಪು ಉಂಗುರ. ಬಲದ್ದರಲ್ಲೂ ಉಂಟು, ಅಷ್ಟು ದಟ್ಟ ಇಲ್ಲ. ಇದು ದೋಷವಾ?

ಬಾಯಾರು ರೈ

ಉಂಗುರ ಸುತ್ತಲೂ ಒಂದೇ ಸಮ ಇದ್ದರೆ ಅದು ಚೋಕ್. ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) ಬೇಗ ಚದರದ ಹಾಗೆ ನಳಿಗೆಯನ್ನು ಬಾಯಿಯಲ್ಲಿ ಸ್ವಲ್ಪ ಕಿರಿದು ಮಾಡಿರ್ತಾರೆ. ಸಾಮಾನ್ಯವಾಗಿ ಎಡದ್ದು ದೂರಕ್ಕೆ ಅಂತ ಹೆಚ್ಚು ಕಿರಿದು, ಪೂರ್ಣ ಚೋಕ್ ಆದರೆ ಹತ್ತಿರ ಹತ್ತಿರ ಒಂದು ಮಿಲಿಮೀಟರ್. ಅದಕ್ಕೇ ದಟ್ಟ ಕಂಡದ್ದು.

ಉಂಗುರದ ಬದಲು ಒಂದು ಬದಿಗೆ ಮಾತ್ರ ಅರ್ಧಚಂದ್ರದ ಹಾಗೆ ನೆರಳು ಕಂಡರೆ ಅದು ತಗ್ಗು ಬಿದ್ದದ್ದು ಇರಬಹುದು. ನಳಿಗೆಯನ್ನು ನಿಧಾನಕ್ಕೆ ತಿರುಗಿಸಿ ನೋಡಿ. ನೆರಳು ನಳಿಗೆಯ ಜತೆಗೇ ತಿರುಗಿದರೆ, ಅದೇ ಜಾಗದಲ್ಲಿ ಹೊರಗೆ ಬೆರಳಾಡಿಸಿದಾಗ ತಗ್ಗು ಸಿಕ್ಕಿದರೆ, ಈಡು ಹಾಕಬೇಡಿ. ಖರೀದಿಯ ಬಿಲ್ಲು ಹಿಡಿದು ಅಂಗಡಿಗೇ ಹೋಗಿ.

ಮತ್ತೆ ನಳಿಗೆಯ ಅಡಿಯ ಚಪ್ಪಟೆ ಭಾಗದಲ್ಲಿ ಕೊರೆದ ಅಂಕೆಗಳನ್ನು ಓದಿ ಬರೆದಿಟ್ಟುಕೊಳ್ಳಿ. 70 ಮಿಲಿಮೀಟರ್ ಅಂತ ಇದ್ದರೆ ಅದಕ್ಕಿಂತ ಉದ್ದದ ತೋಟೆ ಹಾಕುವಂತಿಲ್ಲ. ಹಾಕಿದರೆ ಕೂರ್ತದೆ, ಅದೇ ಅಪಾಯ. ಸಿಡಿದ ಮೇಲೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರ್ತದೆ.

ಎಣ್ಮಕಜೆ ಕೃಷಿಕ

ತಿರುಗಿಸಿ ನೋಡಿದೆ, ಸುತ್ತಲೂ ಒಂದೇ ಸಮ. ಚೋಕೇ. ಅಂಕೆ 70 ಅಂತ ಉಂಟು, ಅಂಗಡಿಯಿಂದ ತಂದ ತೋಟೆಯ ಪೆಟ್ಟಿಗೆಯಲ್ಲೂ ಅದೇ. ತೋಟೆ ಕೂರುವ ಜಾಗ ಎರಡನ್ನೂ ಪುನಃ ಒಣಬಟ್ಟೆಯಲ್ಲಿ ಒರೆಸಿದೆ. ಕಪಾಟಿಗೆ ಸಿಲಿಕಾ ಜೆಲ್ ತರಬೇಕಷ್ಟೆ. ಕುಂಬಳೆಯಲ್ಲೋ ಪೆರ್ಲದಲ್ಲೋ ಯಾವ ಅಂಗಡಿಯಲ್ಲಿ ಸಿಕ್ತದೆ, ಯಾರಿಗಾದರೂ ಗೊತ್ತುಂಟಾ?

ಕುಂಬಳೆ ಹುಡುಗ

ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ ಕೇಳಿ ಅಣ್ಣ, ಲೆನ್ಸಿಗೆ ಫಂಗಸ್ ಬಾರದಿರಲು ಅವರು ಅದನ್ನೇ ಇಡುವುದು. ನೀಲಿ ಬಣ್ಣದ್ದು ಕೇಳಿ ತೆಗೆದುಕೊಳ್ಳಿ, ತೇವ ಹೀರಿ ತುಂಬಿದಾಗ ನಸುಗೆಂಪಾಗ್ತದೆ, ಬಿಸಿ ಮಾಡುವ ಹೊತ್ತು ಆಯಿತು ಅಂತ ನೋಡಿದರೇ ಗೊತ್ತಾಗ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಮೇಲೆ ಇಡಿ.